ಅಪ್ಪನಿಗೆ ಹಲ್ಲು ಕೀಳಿಸಬೇಕು, ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಬೇಕಾ?

ಮಲೆನಾಡಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಅಪ್ಪನಿಗೆ 66 ವರ್ಷ. 6 ವರ್ಷದ ಹಿಂದೆ ಹಾರ್ಟಿನ ಮೈಟ್ರಲ್ ವಾಲ್ವ್ ಬದಲಾಯಿಸಿ ಲೋಹದ್ದು ಹಾಕಿದ್ದಾರೆ. ರಾತ್ರಿ ಮನೆ ನಿಶ್ಶಬ್ದ ಆದಾಗ ಪಕ್ಕದಲ್ಲಿ ಕೂತರೆ ಟಿಕ್ ಟಿಕ್ ಅಂತ ಕೇಳಿಸುತ್ತದೆ, ನನ್ನ ಮಗ ಅದಕ್ಕೆ ತಾತನ ವಾಚು ಅಂತಾನೆ. ಆಪರೇಷನ್ ಆದಾಗಿನಿಂದ ದಿನಾ ಸಂಜೆ ಆಸಿಟ್ರೋಮ್ ಮಾತ್ರೆ ನಡೆಯುತ್ತಿದೆ.

ಈಗ ಕೆಳಗಿನ ಬಲಗಡೆ ದವಡೆ ಹಲ್ಲು ಹಾಳಾಗಿದೆ. ಊಟ ಮಾಡೋಕಾಗುತ್ತಿಲ್ಲ. ಇಲ್ಲಿನ ಹಲ್ಲಿನ ಡಾಕ್ಟರ್ ಎಕ್ಸ್‌ರೇ ನೋಡಿ, ಉಳಿಸೋಕಾಗಲ್ಲ, ಕೀಳಲೇಬೇಕು ಅಂದರು. ಅದಕ್ಕೆ ಮುಂಚೆ 5 ದಿನ ಆಸಿಟ್ರೋಮ್ ನಿಲ್ಲಿಸಿ ಬನ್ನಿ ಅಂತಲೂ ಅಂದರು. ಹಾರ್ಟ್ ಡಾಕ್ಟರ್ ಬೆಂಗಳೂರಿನಲ್ಲಿ, ಮುಂದಿನ ತಿಂಗಳು ಅಪಾಯಿಂಟ್‌ಮೆಂಟ್. ಆದರೆ ಡಿಸ್‌ಚಾರ್ಜ್ ಪುಸ್ತಕದ ಮೊದಲ ಪುಟದಲ್ಲೇ, ನಮ್ಮನ್ನು ಕೇಳದೆ ಈ ಮಾತ್ರೆ ನಿಲ್ಲಿಸಬೇಡಿ ಅಂತ ಕೆಂಪು ಇಂಕಿನಲ್ಲಿ ಬರೆದಿದ್ದಾರೆ. ಯಾರ ಮಾತು ಕೇಳೋದು?

ನನಗೆ ಭಯ ಜಾಸ್ತಿ ಯಾಕೆ ಅಂದರೆ 2 ವರ್ಷದ ಹಿಂದೆ ಇನ್ನೊಂದು ಹಲ್ಲು ಕೀಳಿಸಿದ್ದೆವು, ಬೇರೆ ಕ್ಲಿನಿಕ್‌ನಲ್ಲಿ. ಅವರು ಮಾತ್ರೆ ಬಗ್ಗೆ ಕೇಳಲಿಲ್ಲ, ಅದು ಹಾರ್ಟಿಂದು ಹಲ್ಲಿಗೇನು ಅಂದುಕೊಂಡು ಅಪ್ಪನೂ ಹೇಳಲಿಲ್ಲ. ಕ್ಲಿನಿಕ್‌ನಿಂದ ಹೊರಡುವಾಗ ರಕ್ತ ನಿಂತಿತ್ತು. ಮನೆಗೆ ಬಂದು 3 ಗಂಟೆ ಆದ ಮೇಲೆ ಶುರುವಾಯಿತು ನೋಡಿ, ನಿಲ್ಲಲೇ ಇಲ್ಲ. ಪಕ್ಕದ ಮನೆಯವರು ಬಿಸಿ ಉಪ್ಪುನೀರು ಮುಕ್ಕಳಿಸಿ ಅಂದರು, ಮಾಡಿದೆವು. ಅಮ್ಮ ಕಾಫಿಪುಡಿ ತುಂಬಿದರು. ರಾತ್ರಿ 2 ಗಂಟೆಗೆ ಸ್ಟೀಲ್ ಚೊಂಬು ಅರ್ಧ ತುಂಬಿತ್ತು, ಅಪ್ಪನ ಬಾಯಿಂದ ಕಪ್ಪಗೆ ಲಿವರ್ ತುಂಡಿನ ಹಾಗೆ ಏನೋ ಜೋತಾಡುತ್ತಿತ್ತು. ಆಮೇಲೆ ಆಸ್ಪತ್ರೆಗೆ ಓಡಿದೆವು, ಹೊಲಿಗೆ ಹಾಕಿ ನಿಲ್ಲಿಸಿದರು. ಆ ರಾತ್ರಿ ಮರೆಯೋಕಾಗಲ್ಲ. ಈ ಸಲ ಅಪ್ಪ ಕುರ್ಚಿ ಮೇಲೆ ಕೂರೋಕೇ ಒಪ್ಪುತ್ತಿಲ್ಲ.


ಚನ್ನಪಟ್ಟಣಬೊಂಬೆ:

ನಮ್ಮ ಮಾವನವರೂ ಇದೇ ಥರ ಮಾತ್ರೆ ತಗೊಳ್ತಾರೆ. ಹಲ್ಲು ಕೀಳಿಸುವಾಗ 4 ದಿನ ಬಿಟ್ಟರು, ಏನೂ ಆಗಲಿಲ್ಲ. ಸುಮ್ನೆ ಹೆದರಬೇಡಿ. ಅಲ್ಲಿಯವರೆಗೆ ನೋವಿಗೆ ಲವಂಗದೆಣ್ಣೆ ಇಡಿ.


ಹೊಲಿಗೆಡಾಕ್ಟ್ರು:

ನಾನು ಬಾಯಿ ದವಡೆ ಸರ್ಜನ್, ತುಮಕೂರು ಕಡೆ ಪ್ರಾಕ್ಟೀಸ್. ಮೊದಲು ಒಂದು ಮಾತು: ಮಾತ್ರೆ ನಿಲ್ಲಿಸಬೇಡಿ. ಮೇಲಿನವರ ಮಾವನವರಿಗೆ ಏನೂ ಆಗದಿದ್ದದ್ದು ಸಂತೋಷ, ಆದರೆ ಅವರು ಯಾವ ಮಾತ್ರೆ, ಯಾವ ಕಾರಣಕ್ಕೆ ತಗೊಳ್ತಿದ್ದರು ಅಂತ ಗೊತ್ತಿಲ್ಲ ಅಲ್ವಾ. ಲೋಹದ ಮೈಟ್ರಲ್ ವಾಲ್ವ್ ವಿಷಯ ಬೇರೆ. ಅದರ ಮೇಲೆ ಹೆಪ್ಪು ಕಟ್ಟಿದರೆ ವಾಲ್ವ್ ಸಿಕ್ಕಿಕೊಳ್ಳಬಹುದು, ತುಂಡು ಹಾರಿ ತಲೆಗೆ ಹೋದರೆ ಲಕ್ವ. ಬಾಯಿಯ ರಕ್ತಕ್ಕೆ ನಾನು ಬೆರಳಿಟ್ಟು ಒತ್ತಿ ಹಿಡಿಯಬಹುದು, ಹೊಲಿಯಬಹುದು. ತಲೆಯೊಳಗೆ ಬೆರಳಿಡೋಕಾಗಲ್ಲ.

ಆ 5 ದಿನದ ಲೆಕ್ಕ ವಾರ್ಫರಿನ್ ಮಾತ್ರೆಯದು. ಆಸಿಟ್ರೋಮ್ ಅದೇ ಜಾತಿ ಆದರೂ ಮೈಯಿಂದ ಬೇಗ ಹೋಗುತ್ತದೆ, 2-3 ದಿನ ಸಾಕು. ಹಾಗಾಗಿ 5 ದಿನ ಬಿಟ್ಟರೆ ಕೊನೆಯ 2 ದಿನವಾದರೂ ಆ ವಾಲ್ವ್‌ಗೆ ಯಾವ ಕಾವಲೂ ಇರಲ್ಲ. ಮತ್ತೆ ಶುರು ಮಾಡಿದರೂ ಮೊದಲಿನ ಮಟ್ಟಕ್ಕೆ ಬರೋಕೆ ದಿನಗಳು ಬೇಕು.

ಮಾಡಬೇಕಾದದ್ದು ಐಎನ್‌ಆರ್ ಟೆಸ್ಟ್. ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡ ಆಗುತ್ತಿದೆ ಅನ್ನೋ ಅಳತೆ ಅದು. ಮಾತ್ರೆ ತಗೊಳ್ಳದವರಿಗೆ 1ರ ಆಸುಪಾಸು ಬರುತ್ತದೆ. ಲೋಹದ ಮೈಟ್ರಲ್ ವಾಲ್ವ್ ಇದ್ದವರಿಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇಟ್ಟುಕೊಳ್ಳಿ ಅಂತಾರೆ. ಬ್ರಿಟನ್ನಿನ ಹಲ್ಲಿನ ಡಾಕ್ಟರುಗಳ ಮಾರ್ಗಸೂಚಿಯಲ್ಲಿ 4ಕ್ಕಿಂತ ಕೆಳಗಿದ್ದರೆ ಮಾತ್ರೆ ನಿಲ್ಲಿಸದೆ ಹಲ್ಲು ಕೀಳಬಹುದು ಅಂತ ಇದೆ. ನಾನು ಸ್ವಲ್ಪ ಪುಕ್ಕಲ, 3.5ಕ್ಕೆ ಗೆರೆ ಹಾಕಿಕೊಂಡಿದ್ದೇನೆ. ಅದಕ್ಕಿಂತ ಜಾಸ್ತಿ ಬಂದರೆ ಹಾರ್ಟ್ ಡಾಕ್ಟರಿಗೆ ಫೋನ್, ಹಲ್ಲು ಒಂದು ವಾರ ಕಾಯುತ್ತದೆ.

ಕಳೆದ ಸಲದ್ದು ಯಾಕೆ ಹಾಗಾಯಿತು ಅಂತ ಹೇಳುತ್ತೇನೆ. ಮರಗಟ್ಟಿಸೋ ಇಂಜೆಕ್ಷನ್‌ನಲ್ಲಿ ಅಡ್ರಿನಲಿನ್ ಇರುತ್ತದೆ, ಅದು ರಕ್ತನಾಳ ಬಿಗಿ ಹಿಡಿಯುತ್ತದೆ. ಕ್ಲಿನಿಕ್‌ನಲ್ಲಿ ಒಣಗಿದ ಹಾಗೆ ಕಾಣೋದು ಅದರಿಂದ. 2-3 ಗಂಟೆಯಲ್ಲಿ ಅದರ ಜೋರು ಇಳಿಯುತ್ತದೆ, ಅಷ್ಟೊತ್ತಿಗೆ ಪೇಷಂಟ್ ಬಸ್ಸಿನಲ್ಲೋ ಮನೆಯಲ್ಲೋ ಇರುತ್ತಾರೆ. ಬಿಸಿನೀರು ಮುಕ್ಕಳಿಸಿದ್ದು ಆಗಷ್ಟೇ ಕೂರುತ್ತಿದ್ದ ಹೆಪ್ಪನ್ನು ತೊಳೆದು ಹಾಕಿತು. ಆ ಲಿವರ್ ತುಂಡಿನ ಹಾಗಿದ್ದದ್ದು ಸರಿಯಾಗಿ ಕೂರದ ಹೆಪ್ಪು, ಅದು ಹಲ್ಲು ಕಿತ್ತ ಗುಳಿಯ ಬಾಯಿಗೆ ಮುಚ್ಚಳದ ಹಾಗೆ ಕೂತು, ಕೆಳಗಿಂದ ರಕ್ತ ಜಿನುಗುತ್ತಲೇ ಇರುತ್ತದೆ. ಅದರ ಮೇಲೆ ಎಷ್ಟು ಹತ್ತಿ ಇಟ್ಟರೂ ಪ್ರಯೋಜನ ಇಲ್ಲ. ಅದನ್ನು ಒರೆಸಿ ತೆಗೆದು, ಆಮೇಲೆ ಗುಳಿಯ ಮೇಲೇ ಒತ್ತಬೇಕು. ಕಾಫಿಪುಡಿ ಮಾತ್ರ ಬೇಡವೇ ಬೇಡ, ಅದನ್ನು ಗುಳಿಯೊಳಗಿಂದ ತೊಳೆಯೋದು ನಮ್ಮ ಕರ್ಮ.

ಆದರೂ ನನಗೊಂದು ಅನುಮಾನ. ಐಎನ್‌ಆರ್ ಸರಿಯಿದ್ದವರಿಗೆ ಅಷ್ಟು ಹೋಗೋದು ಕಡಿಮೆ. ಆ ಸಲ ಹಲ್ಲು ಕೀಳಿಸುವ ಮುಂಚಿನ ವಾರ ನೋವಿಗೆ ಅಂತ ಅಪ್ಪ ಏನೇನು ಮಾತ್ರೆ ತಗೊಂಡಿದ್ದರು? ಹಳೆ ಚೀಟಿ ಸಿಕ್ಕರೆ ನೋಡಿ.


ಕಡೂರುಕಾಯಿ:

ಸಂದಿಯಲ್ಲಿ ನನ್ನದೂ ಒಂದು ಪ್ರಶ್ನೆ. ಬ್ರಷ್ ಮಾಡುವಾಗ ಒಸಡಿಂದ ರಕ್ತ ಬರುತ್ತೆ. ನನಗೂ ಹೆಪ್ಪುಗಟ್ಟದ ಕಾಯಿಲೆ ಇರಬಹುದಾ?


ಹೊಲಿಗೆಡಾಕ್ಟ್ರು:

@ಕಡೂರುಕಾಯಿ ನೂರಕ್ಕೆ ತೊಂಬತ್ತು ಪಾಲು ಕಿಟ್ಟ ಕಟ್ಟಿರುತ್ತದೆ, ಕ್ಲೀನ್ ಮಾಡಿಸಿ. ಬ್ರಷ್ ಮುಟ್ಟದೆಯೂ ರಕ್ತ ಬರುತ್ತಿದ್ದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಏಳುತ್ತಿದ್ದರೆ, ಜ್ವರ ಸುಸ್ತು ಇದ್ದರೆ ಹಲ್ಲಿನ ಡಾಕ್ಟರ್ ಹತ್ತಿರ ಅಲ್ಲ, ಮೊದಲು ರಕ್ತ ಪರೀಕ್ಷೆಗೆ ಹೋಗಿ. ಮಳೆಗಾಲದಲ್ಲಿ ಡೆಂಗಿ, ಕೆಲವೊಮ್ಮೆ ರಕ್ತದ ಕ್ಯಾನ್ಸರ್ ಕೂಡ ಮೊದಲು ಒಸಡಿನಲ್ಲೇ ಕಾಣಿಸಿಕೊಳ್ಳುತ್ತದೆ. ಪ್ಲೇಟ್‌ಲೆಟ್ (ಹೆಪ್ಪು ಕಟ್ಟಿಸೋ ರಕ್ತಕಣ) 50,000ಕ್ಕಿಂತ ಕೆಳಗಿದ್ದರೆ ಕ್ಲಿನಿಕ್‌ನಲ್ಲಿ ಹಲ್ಲಿಗೆ ಕೈ ಹಾಕಲ್ಲ ನಾನು.


ಮಲೆನಾಡಮಗಳು:

ಡಾಕ್ಟ್ರೇ, ನಿಮ್ಮ ಅನುಮಾನ ಸರಿ ಇತ್ತು. ಅಪ್ಪ ಎಲ್ಲ ಚೀಟಿಗಳನ್ನೂ ಒಂದು ಜವಳಿ ಅಂಗಡಿ ಕವರ್‌ನಲ್ಲಿ ಇಟ್ಟಿದ್ದಾರೆ, ಕರೆಂಟ್ ಬಿಲ್ ಜೊತೆಗೆ. ಹುಡುಕಿದೆ. ಹಲ್ಲು ಕೀಳುವ 5 ದಿನ ಮುಂಚೆ ಊತ ಇಳಿಯಲಿ ಅಂತ ಬರೆದುಕೊಟ್ಟಿದ್ದು: ಅಮಾಕ್ಸಿಸಿಲಿನ್, ಮೆಟ್ರೋನಿಡಜೋಲ್ ಅಂತ ಎರಡು ಆ್ಯಂಟಿಬಯಾಟಿಕ್, ನೋವಿಗೆ ಡೈಕ್ಲೋಫೆನಾಕ್. ಆಸ್ಪತ್ರೆಯಲ್ಲಿ ಆ ರಾತ್ರಿ ಮಾಡಿದ ಐಎನ್‌ಆರ್ ರಿಪೋರ್ಟ್ ಕೂಡ ಸಿಕ್ಕಿತು, 5.1 ಅಂತ ಇದೆ. ಆವತ್ತು ನಾವು ಅದನ್ನು ನೋಡಿಯೇ ಇರಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?


ಹೊಲಿಗೆಡಾಕ್ಟ್ರು:

ಕಳ್ಳ ಸಿಕ್ಕಿದ. ಮೆಟ್ರೋನಿಡಜೋಲ್. ಆಸಿಟ್ರೋಮ್, ವಾರ್ಫರಿನ್ ಎಲ್ಲ ಲಿವರ್‌ನಲ್ಲಿ ಕರಗಿ ಹೋಗಬೇಕು, ಮೆಟ್ರೋ ಆ ದಾರಿಗೆ ಅಡ್ಡ ಹಾಕುತ್ತದೆ. ಅಂದರೆ ಅಪ್ಪ ದಿನಾ ತಗೊಳ್ಳುತ್ತಿದ್ದದ್ದು ಒಂದೇ ಮಾತ್ರೆ, ಮೈಯಲ್ಲಿ ಕೆಲಸ ಮಾಡುತ್ತಿದ್ದದ್ದು ಎರಡರಷ್ಟು ಅಂದುಕೊಳ್ಳಿ. ಡೈಕ್ಲೋ ಅದರ ಮೇಲೆ ಪ್ಲೇಟ್‌ಲೆಟ್‌ಗಳನ್ನೂ ಮಂಕು ಮಾಡುತ್ತದೆ, ಹೊಟ್ಟೆಯಲ್ಲೂ ರಕ್ತ ಸೋರಿಸಬಹುದು. ನಮ್ಮಲ್ಲಿ ಹಲ್ಲುನೋವು ಅಂದ ತಕ್ಷಣ ಈ ಮೂರನ್ನೂ ಒಂದೇ ಉಸಿರಿಗೆ ಬರೆಯೋ ಅಭ್ಯಾಸ, ಎಷ್ಟೋ ಸಲ ಮೆಡಿಕಲ್ ಶಾಪಿನವರೇ ಚೀಟಿ ಇಲ್ಲದೆ ಕೊಟ್ಟುಬಿಡುತ್ತಾರೆ. ಬಾಯಿಯ ಫಂಗಸ್‌ಗೆ ಹಚ್ಚೋ ಮೈಕೊನಜೋಲ್ ಜೆಲ್ ಕೂಡ ಇದೇ ಕಿತಾಪತಿ ಮಾಡುತ್ತದೆ, ಹಚ್ಚೋದು ಅಷ್ಟೇ ತಾನೇ ಅಂತ ಯಾರೂ ಹೇಳಲ್ಲ.

ಈಗ ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಡೋಲೋ, ಕ್ರೋಸಿನ್ ಯಾವುದಾದರೂ ಸರಿ. ಅದನ್ನೂ ವಾರಗಟ್ಟಲೆ ದಿನಕ್ಕೆ ನಾಲ್ಕು ನುಂಗಬೇಡಿ, ಆಗ ಅದೂ ಐಎನ್‌ಆರ್ ಏರಿಸಬಹುದು. ಐಬುಪ್ರೊಫೆನ್ ಸೇರಿದ ಯಾವ ಮಾತ್ರೆಯೂ ಬೇಡ, ಕಾಂಬಿಫ್ಲಾಮ್ ಕೂಡ ಅದೇ ಸಾಲಿನದು.

ಇನ್ನೊಂದು, ಇದನ್ನು ನಿಮ್ಮ ಡಾಕ್ಟರಿಗೆ ಖಂಡಿತ ನೆನಪಿಸಿ: ಲೋಹದ ವಾಲ್ವ್ ಇದ್ದವರಿಗೆ ಹಲ್ಲು ಕೀಳುವ ಅರ್ಧ-ಒಂದು ಗಂಟೆ ಮುಂಚೆ ಆ್ಯಂಟಿಬಯಾಟಿಕ್ ಕೊಡಬೇಕು. ಪೆನಿಸಿಲಿನ್ ಅಲರ್ಜಿ ಇಲ್ಲದಿದ್ದರೆ ಅಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಸಲ. ಬಾಯಿಯ ಕ್ರಿಮಿ ರಕ್ತಕ್ಕೆ ಸೇರಿ ವಾಲ್ವ್ ಮೇಲೆ ಕೂರಬಾರದು ಅಂತ. ರಕ್ತದ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ.


ನೀಲಿಮುಚ್ಚಳ:

ನಾನು ಲ್ಯಾಬ್ ಟೆಕ್ನಿಷಿಯನ್. ಐಎನ್‌ಆರ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಬೈಸಿಕೊಳ್ಳೋದು ನಾವು.

ಟೆಸ್ಟ್ ಹಲ್ಲು ಕೀಳುವ ಹಿಂದಿನ ದಿನ ಅಥವಾ ಅವತ್ತೇ ಬೆಳಿಗ್ಗೆ ಮಾಡಿಸಿ. ಹದಿನೈದು ದಿನದ ಹಿಂದಿನ ರಿಪೋರ್ಟ್ ಹಿಡಿದುಕೊಂಡು ಹೋಗಬೇಡಿ. ರಕ್ತ ತೆಗೆಯುವಾಗ ತಿಳಿನೀಲಿ ಮುಚ್ಚಳದ ಟ್ಯೂಬ್ ಬಳಸುತ್ತಾರೆ, ಅದರಲ್ಲಿ ಮೊದಲೇ ಸಿಟ್ರೇಟ್ ದ್ರವ ಇರುತ್ತದೆ. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್, ಅದಕ್ಕೇ ಟ್ಯೂಬ್ ಮೇಲೆ ಗೆರೆ. ವಯಸ್ಸಾದವರ ನರ ಸಿಗದೆ ಅರ್ಧ ಟ್ಯೂಬ್ ತುಂಬಿಸಿ ಸಾಕು ಅಂತ ಕಳಿಸಿದರೆ ಸಿಟ್ರೇಟ್ ಜಾಸ್ತಿಯಾಗಿ ಐಎನ್‌ಆರ್ ಸುಳ್ಳೇ ಮೇಲೆ ತೋರಿಸುತ್ತದೆ. ಗೆರೆ ತನಕ ತುಂಬಿದೆಯಾ ಅಂತ ನೀವೇ ಕಣ್ಣಾಡಿಸಿ, ತಪ್ಪೇನಿಲ್ಲ. ಅಪ್ಪನಿಗೆ ಪ್ರತಿ ತಿಂಗಳು ಮಾಡುವ ಲ್ಯಾಬ್‌ನಲ್ಲೇ ಮಾಡಿಸಿದರೆ ಇನ್ನೂ ಒಳ್ಳೆಯದು.

ಊಟದ ವಿಷಯ ಯಾರೂ ಹೇಳಲಿಲ್ಲ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಈ ಮಾತ್ರೆಗೆ ಎದುರಾಳಿ. ಸೊಪ್ಪು ಬಿಡಿ ಅಂತಲ್ಲ. ವಾರಕ್ಕೆ ಎರಡು ಸಲ ಬಸ್ಸಾರು ತಿನ್ನೋರು ಅಷ್ಟೇ ತಿನ್ನಲಿ. ಹಲ್ಲುನೋವು ಅಂತ ಹತ್ತು ದಿನ ಬರೀ ಗಂಜಿ ಕುಡಿದರೆ ಐಎನ್‌ಆರ್ ಮೇಲೇರುತ್ತದೆ, ನಮ್ಮಲ್ಲಿ ಇಂಥವರು ಬರುತ್ತಲೇ ಇರುತ್ತಾರೆ.

ಅಂದ ಹಾಗೆ ವಾರ್ಫರಿನ್ ಮೊದಲು 1948ರಲ್ಲಿ ಇಲಿ ಪಾಷಾಣವಾಗಿ ಮಾರಾಟಕ್ಕೆ ಬಂದದ್ದು. ಇದನ್ನು ಅಪ್ಪನಿಗೆ ಮಾತ್ರ ಹೇಳಬೇಡಿ.


ಬೆಣ್ಣೆದೋಸೆ:

ನಾನು ದಾವಣಗೆರೆ. ನನ್ನ ಮಗನಿಗೆ ಹಿಮೋಫಿಲಿಯಾ ಎ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟು ಕಾಯಿಲೆ, 9 ವರ್ಷ. ನಿಮ್ಮ ಅಪ್ಪನವರದ್ದು ಬೇರೆ ಥರ, ಆದರೂ ಇದನ್ನು ಓದೋ ಬೇರೆಯವರಿಗೆ ಬೇಕಾಗುತ್ತದೆ ಅಂತ ಬರೆಯುತ್ತಿದ್ದೇನೆ.

ನಮಗೆ ಗೊತ್ತಾಗಿದ್ದೇ ಹಲ್ಲಿನಿಂದ. 5 ವರ್ಷದವನಿದ್ದಾಗ ಆಟದಲ್ಲಿ ಬಿದ್ದು ಹಾಲುಹಲ್ಲು ಅಲ್ಲಾಡಿತು, 3 ದಿನ ಜಿನುಗಿತು. ಜೋರಾಗಿ ಅಲ್ಲ ರೀ, ಸುಮ್ನೆ ಜಿನುಗ್ತಾ ಇತ್ತು, ಬೆಳಿಗ್ಗೆ ಎದ್ದರೆ ದಿಂಬಿನ ಕವರ್ ಮೇಲೆ ಗುಲಾಬಿ ಕಲೆ. ಆಗ ಅತ್ತೆ ನೆನಪಿಸಿಕೊಂಡರು, ನನ್ನ ಅಮ್ಮನ ತಮ್ಮ ಒಬ್ಬ ಚಿಕ್ಕವನಿದ್ದಾಗಲೇ ಮೂಗಿನ ರಕ್ತ ನಿಲ್ಲದೆ ಹೋಗಿಬಿಟ್ಟಿದ್ದ ಅಂತ. ಆ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ದೃಷ್ಟಿ ಅಂತ ಬಿಟ್ಟಿದ್ದರು. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರೋದು ಅಂತ ನಮಗೆ ಆಗ ತಿಳಿದದ್ದು. ಎಲ್ಲರ ಮನೆಯಲ್ಲೂ ಹೀಗೆ ಹಿಂದಿನವರ ಕಥೆ ಇರಲ್ಲ ಅಂತಲೂ ಡಾಕ್ಟರ್ ಹೇಳಿದರು.

ಇವನಿಗೆ ರಕ್ತ ಹೆಪ್ಪುಗಟ್ಟೋಕೆ ಬೇಕಾದ ಫ್ಯಾಕ್ಟರ್ 8 ಕಡಿಮೆ. ಹಲ್ಲು ತೆಗೆಯುವ ಮುಂಚೆ ಫ್ಯಾಕ್ಟರ್ ಇಂಜೆಕ್ಷನ್ ನರಕ್ಕೆ ಕೊಡುತ್ತಾರೆ, ನಮಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಕೆಳದವಡೆ ಪೂರ್ತಿ ಮರಗಟ್ಟಿಸೋಕೆ ಹಿಂದುಗಡೆ ಆಳಕ್ಕೆ ಕೊಡೋ ಇಂಜೆಕ್ಷನ್ ಇದೆಯಲ್ಲ, ಅದನ್ನು ಫ್ಯಾಕ್ಟರ್ ಇಲ್ಲದೆ ಕೊಡಲೇಬಾರದು. ಒಳಗೇ ರಕ್ತ ಇಳಿದು ಗಂಟಲ ಪಕ್ಕ ಊದಿ ಉಸಿರು ಕಟ್ಟಬಹುದು. ಇದನ್ನು ನಾನು ಹೋದ ಕಡೆಯೆಲ್ಲ ಗಿಣಿಪಾಠದ ಹಾಗೆ ಒಪ್ಪಿಸುತ್ತೇನೆ. ನಮ್ಮೂರಿನಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ, ಇಂಥ ಮಕ್ಕಳಿದ್ದರೆ ಅಲ್ಲಿ ಹೋಗಿ ಮಾತಾಡಿ.

@ಮಲೆನಾಡಮಗಳು ಅಪ್ಪನಿಗೆ ಧೈರ್ಯ ಹೇಳಮ್ಮ. ನನ್ನ ಮಗನಿಗೆ ಇಲ್ಲಿಯವರೆಗೆ 4 ಹಾಲುಹಲ್ಲು ತೆಗೆಸಿದ್ದೇವೆ.


ಸ್ಟೆಂಟ್‌ಮನೆ:

ಮಾತ್ರೆ ಬಿಟ್ಟರೆ ಏನಾಗುತ್ತೆ ಅಂತ ನಮ್ಮ ಮನೆಯಲ್ಲಿ ನೋಡಿದ್ದೇವೆ. ಚಿಕ್ಕಪ್ಪನಿಗೆ ಸ್ಟೆಂಟ್ ಹಾಕಿ 7 ತಿಂಗಳಾಗಿತ್ತು. ಹೆಪ್ಪು ಕಟ್ಟದಿರಲಿ ಅಂತ ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ಎರಡೂ ತಗೊಳ್ತಿದ್ದರು. ಹಲ್ಲು ಕೀಳಿಸೋಕೆ ಅಂತ ತಾವೇ ಎರಡೂ ಬಿಟ್ಟರು, ಯಾರೋ ಹೇಳಿದ್ದಂತೆ. ಹಲ್ಲೇನೋ ಒಂದು ಹನಿ ರಕ್ತ ಇಲ್ಲದೆ ಬಂತು. ಆಮೇಲೆ 3 ದಿನಕ್ಕೆ ಎದೆನೋವು, ಸ್ಟೆಂಟ್ ಒಳಗೇ ಹೆಪ್ಪು ಕಟ್ಟಿತ್ತು. ಬದುಕಿದರು. ಆದರೆ ಈಗ ಎರಡು ಮೆಟ್ಟಿಲು ಹತ್ತಿದರೆ ನಿಲ್ಲುತ್ತಾರೆ.


ಹೊಲಿಗೆಡಾಕ್ಟ್ರು:

@ಸ್ಟೆಂಟ್‌ಮನೆ ಇದೇ ಆಗೋದು. ಸ್ಟೆಂಟ್ ಹಾಕಿದ ಮೊದಲ ವರ್ಷ ಆ ಎರಡು ಮಾತ್ರೆ ತಾವಾಗಿ ನಿಲ್ಲಿಸಬಾರದು. ಇಕೋಸ್ಪ್ರಿನ್ ತಗೊಂಡರೆ ಪ್ಲೇಟ್‌ಲೆಟ್ ಅದರ ಆಯಸ್ಸು ಮುಗಿಯೋವರೆಗೂ, ಅಂದರೆ 7-10 ದಿನ, ಮಂಕಾಗಿರುತ್ತದೆ, ನಿಜ. ಹಲ್ಲಿನ ಗುಳಿ ಸ್ವಲ್ಪ ಹೆಚ್ಚು ಹೊತ್ತು ಜಿನುಗುತ್ತದೆ. ಒತ್ತಿ ಹಿಡಿದರೆ ನಿಲ್ಲುತ್ತದೆ. ಅಪಿಕ್ಸಬಾನ್, ರಿವರೋಕ್ಸಬಾನ್, ಡಬಿಗಟ್ರಾನ್ ಅಂತ ರಕ್ತ ತೆಳು ಮಾಡೋ ಹೊಸ ಮಾತ್ರೆಗಳು ಬಂದಿವೆ, ಅವಕ್ಕೆ ಐಎನ್‌ಆರ್ ನೋಡಿ ಪ್ರಯೋಜನ ಇಲ್ಲ. ಒಂದೆರಡು ಹಲ್ಲಿಗೆ ನಿಲ್ಲಿಸೋದೂ ಬೇಡ, ದೊಡ್ಡ ಕೆಲಸ ಇದ್ದರೆ ಅವತ್ತು ಬೆಳಗಿನ ಡೋಸ್ ಏನು ಮಾಡಬೇಕು ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು.

@ಮಲೆನಾಡಮಗಳು ನಿಮ್ಮ ಡಾಕ್ಟರ್ ಹತ್ತಿರ ಹೀಗೆ ಕೇಳಿ, ಜಗಳದ ಥರ ಅಲ್ಲ, ವಿನಯವಾಗಿ. ಅಪಾಯಿಂಟ್‌ಮೆಂಟ್ ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ಕೊಡಿ ಅನ್ನಿ. ಶನಿವಾರ ಸಂಜೆ ಕೀಳಿಸಿಕೊಂಡರೆ ಭಾನುವಾರ ರಕ್ತ ಬಂದಾಗ ಬಾಗಿಲು ತಟ್ಟೋಕೆ ಯಾರೂ ಸಿಗಲ್ಲ. ಒಂದೇ ಹಲ್ಲು. ಕಿತ್ತ ಮೇಲೆ ಗುಳಿಯೊಳಗೆ ಕೊಳೆತ ಮಾಂಸ ಇದ್ದರೆ ಕೆರೆದು ತೆಗೆಯಬೇಕು, ಎಷ್ಟೋ ಸಲ ರಕ್ತ ಜಿನುಗೋದೇ ಅದರಿಂದ. ಆಮೇಲೆ ಜೆಲಟಿನ್ ಸ್ಪಂಜ್ ತುಂಡು ಇಟ್ಟು ಎರಡು ಹೊಲಿಗೆ. ಕೇಸ್ ಸಲೀಸಾಗಿ ಕಂಡರೂ ಹೊಲಿಗೆ ಬಿಡೋದು ಬೇಡ. ಹೊಲಿದ ಮೇಲೆ ಟ್ರಾನೆಕ್ಸಾಮಿಕ್ ಆ್ಯಸಿಡ್‌ನಲ್ಲಿ ನೆನೆಸಿದ ಗಾಜ್ ಇಟ್ಟು ಅರ್ಧ ಗಂಟೆ ಕಚ್ಚಿಸಬೇಕು.

ಈ ಟ್ರಾನೆಕ್ಸಾಮಿಕ್ ಯಾಕೆ ಅಂದರೆ, ಕೈಗೆ ಗಾಯ ಆದರೆ ಗಾಳಿಗೆ ಒಣಗುತ್ತದೆ. ಬಾಯಿ ಸದಾ ಒದ್ದೆ, ಜೊಲ್ಲಿಗೇ ಹೆಪ್ಪು ಕರಗಿಸೋ ಗುಣ ಇದೆ. ಟ್ರಾನೆಕ್ಸಾಮಿಕ್ ಆ ಕರಗೋದನ್ನು ತಡೆಯುತ್ತದೆ. ಬಾಯಿ ತೊಳೆಯೋ ದ್ರವವಾಗಿ ಸಣ್ಣ ಊರುಗಳಲ್ಲಿ ಸಿಗಲ್ಲ, ನಾವು ಇಂಜೆಕ್ಷನ್ ಆಂಪೂಲ್‌ನಿಂದ ಮಾಡಿಕೊಡುತ್ತೇವೆ. 5 ಎಂಎಲ್‌ನಲ್ಲಿ 500 ಮಿಲಿಗ್ರಾಂ ಇರುತ್ತದೆ, ಅಷ್ಟೇ ಶುದ್ಧ ನೀರು ಸೇರಿಸಿದರೆ 10 ಎಂಎಲ್, 5 ಪರ್ಸೆಂಟ್. ಬಾಯಲ್ಲಿ 2 ನಿಮಿಷ ಇಟ್ಟುಕೊಂಡು, ಉಗುಳದೆ, ಬಗ್ಗಿ ತಾನಾಗಿ ಸುರಿದುಹೋಗೋಕೆ ಬಿಡಬೇಕು. ದಿನಕ್ಕೆ 4 ಸಲ, 2 ದಿನ. ಇದನ್ನು ಡಾಕ್ಟರ್ ಬರೆದುಕೊಟ್ಟರೆ ಮಾತ್ರ, ನೀವೇ ಮನೆಯಲ್ಲಿ ಶುರು ಮಾಡಬೇಡಿ.

ಕೊನೆಗೆ, ಮನೆಗೆ ಕಳಿಸೋ ಅವಸರ ಬೇಡ, ಒಂದು ಗಂಟೆ ಕ್ಲಿನಿಕ್‌ನಲ್ಲೇ ಕೂರಿಸಿ ನೋಡಲಿ.


ಮಲೆನಾಡಮಗಳು:

3 ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಹಾರ್ಟ್ ಡಾಕ್ಟರ್ ಆಸ್ಪತ್ರೆಗೆ ಫೋನ್ ಮಾಡಿ ಮಾಡಿ ಕೊನೆಗೂ ಅವರ ಅಸಿಸ್ಟೆಂಟ್ ಸಿಕ್ಕರು. ನಿಲ್ಲಿಸಬೇಡಿ, 3.5ರ ಒಳಗಿದ್ದರೆ ಕೀಳಿಸಿ ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದರು. ಅದನ್ನು ಇಲ್ಲಿನ ಡಾಕ್ಟರಿಗೆ ತೋರಿಸಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಅಂಜಿದ್ದೆ. ಅವರು ಹಳೆ ಚೀಟಿ, 5.1ರ ರಿಪೋರ್ಟ್ ಎರಡನ್ನೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತರು, ಆಮೇಲೆ ನಾನು ಮಾಡೋದಕ್ಕಿಂತ ಸರ್ಜನ್ ಒಬ್ಬರನ್ನು ಕರೆಸುತ್ತೇನೆ, ಇಲ್ಲೇ ಮಾಡೋಣ ಅಂದರು.

ಮಂಗಳವಾರ ಬೆಳಿಗ್ಗೆ 7ಕ್ಕೆ ಲ್ಯಾಬ್. ಟ್ಯೂಬ್ ಗೆರೆ ತನಕ ತುಂಬಿತಾ ಅಂತ ನಾನು ಬಗ್ಗಿ ನೋಡಿದ್ದಕ್ಕೆ ಆ ಹುಡುಗ ನಕ್ಕ. 2.9 ಬಂತು. 9ಕ್ಕೆ ಅಮಾಕ್ಸಿಸಿಲಿನ್ 500ರ ನಾಲ್ಕು ಕ್ಯಾಪ್ಸೂಲ್ ಒಟ್ಟಿಗೆ, ಅಪ್ಪ ಇದೇನು ಬೆಳಗಿನ ತಿಂಡಿನಾ ಅಂದರು. 10ಕ್ಕೆ ಕಿತ್ತರು. ಸ್ಪಂಜ್ ಇಟ್ಟರು, 3 ಹೊಲಿಗೆ. ಗಾಜ್ ಕಚ್ಚಿಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿದರು, ಅಪ್ಪ ಅರ್ಧ ಗಂಟೆ ಗೋಡೆ ಗಡಿಯಾರ ಬಿಟ್ಟು ಬೇರೆ ಏನೂ ನೋಡಲಿಲ್ಲ. ಆ ಗಾಜ್ ತೆಗೆದಾಗ ನಡುವೆ ಮಾತ್ರ ಕೆಂಪು, ಅಂಚೆಲ್ಲ ಬಿಳಿ.

ಮಧ್ಯಾಹ್ನ 1ಕ್ಕೆ ಸ್ವಲ್ಪ ಜಿನುಗಿತು, ನನ್ನ ಕೈ ನಡುಗಿತು. ಇನ್ನೊಂದು ಗಾಜ್ ಒದ್ದೆ ಮಾಡಿ, ಮಡಿಸಿ, ಸರಿಯಾಗಿ ಗುಳಿಯ ಮೇಲೇ ಇಟ್ಟು ಕಚ್ಚಿಸಿದೆ. ಮಧ್ಯೆ ಮಧ್ಯೆ ತೆಗೆದು ನೋಡಬೇಕು ಅನ್ನಿಸುತ್ತಿತ್ತು, ನೋಡಲಿಲ್ಲ. 25 ನಿಮಿಷಕ್ಕೆ ನಿಂತಿತು. ರಾತ್ರಿ ದಿಂಬಿನ ಮೇಲೆ ಹಳೆ ಟವಲ್ ಹಾಸಿದ್ದೆ, ಬೆಳಿಗ್ಗೆ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಗುಲಾಬಿ ಕಲೆ, ಅಷ್ಟೇ. ಅಮ್ಮನಿಗೆ ಕಾಫಿಪುಡಿ ಡಬ್ಬದ ಹತ್ತಿರ ಹೋಗೋಕೆ ಬಿಡಲಿಲ್ಲ.

@ನೀಲಿಮುಚ್ಚಳ ಅವರ ಗಂಜಿ ಮಾತು ನೆನಪಿಟ್ಟು 3ನೇ ದಿನದಿಂದಲೇ ಸೊಪ್ಪನ್ನು ನುಣ್ಣಗೆ ಮಸೆದು ಅನ್ನಕ್ಕೆ ಕಲಸಿ ಕೊಟ್ಟೆ. 6ನೇ ದಿನ ಮತ್ತೆ ಐಎನ್‌ಆರ್, 3.1.

ಹೊಲಿಗೆ ಬಿಚ್ಚಿಸೋಕೆ ಹೋದಾಗ ಅಪ್ಪ ತಾವಾಗಿಯೇ ಬಾಯಿ ತೆಗೆದು ಮೇಲಿನ ಎಡಗಡೆ ಬೆರಳು ತೋರಿಸಿದರು. ಅಲ್ಲೊಂದು 4 ತಿಂಗಳಿಂದ ಅಲ್ಲಾಡುತ್ತಿದೆಯಂತೆ, ನಮಗೆ ಯಾರಿಗೂ ಹೇಳಿರಲೇ ಇಲ್ಲ. ಅದು ಮುಂದಿನ ತಿಂಗಳು 2ನೇ ಮಂಗಳವಾರ.